ಎಷ್ಟನೇ ಜ್ವರ?

ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ನಾನು ಗಂಟಲು ಹರಿಯುವಂತೆ ಜಗಳ ಆಡಿದ್ದು ಅದೇ ಮೊದಲು. 2022ರ ಮಳೆಗಾಲ. ಶಿಡ್ಲಘಟ್ಟದ ಮಾರುಕಟ್ಟೆಯನ್ನು ಬೆಳಿಗ್ಗೆ ಹೊತ್ತು ನೋಡಿದವರಿಗೆ ಗೊತ್ತು, ಅಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಸಾಲಾಗಿ ಜಾಲರಿಗಳು, ಅದರ ತುಂಬ ಹಳದಿ ಗೂಡು, ನಡುವೆ ಓಡಾಡುವ ರೀಲರ್‌ಗಳು, ಅಂದರೆ ಗೂಡು ಕೊಂಡು ನೂಲು ತೆಗೆಯುವವರು. ಒಂದು ಹಿಡಿ ಗೂಡು ತೆಗೆದುಕೊಂಡು ಕಿವಿ ಹತ್ತಿರ ಅಲ್ಲಾಡಿಸುತ್ತಾರೆ. ಬೆರಳಲ್ಲಿ ಒತ್ತಿ ನೋಡುತ್ತಾರೆ. ಆಮೇಲೆ ಫೋನ್ ತೆಗೆದು ಬೆಲೆ ಹಾಕುತ್ತಾರೆ.

ನನ್ನ ಲಾಟ್‌ಗೆ ಬಂದದ್ದು ಕೆಜಿಗೆ 412 ರೂಪಾಯಿ. ಪಕ್ಕದ ಜಾಲರಿಯಲ್ಲಿದ್ದವರಿಗೆ 505. ಇಬ್ಬರದ್ದೂ ಒಂದೇ ಚಾಕಿ ಕೇಂದ್ರದ, ಅಂದರೆ ಮರಿ ಹುಳು ಸಾಕಿ ಕೊಡುವ ಕಡೆಯ ಹುಳು. ನೋಡೋಕೆ ಒಂದೇ ಬಣ್ಣ, ಒಂದೇ ಗಾತ್ರ. ಬೆಲೆ ಒಪ್ಪದಿದ್ದರೆ ಬೇಡ ಅನ್ನಬಹುದು, ಸರಿ. ಆದರೆ ಬೇಡ ಅಂದು ಗೂಡು ವಾಪಸ್ ಮನೆಗೆ ತಂದು ಏನು ಮಾಡುವುದು? ಬೆಲೆ ಹಾಕಿದ ರೀಲರ್ ಎದುರಿಗೇ ನಿಂತಿದ್ದರು. ಐವತ್ತರ ಹತ್ತಿರದವರು, ತಲೆಗೆ ಬಿಳಿ ಟೋಪಿ, ಅಂಗಿ ಮೇಲೆಲ್ಲ ಗೂಡಿನ ನಾರು.

"ಏನ್ ಸಾಬ್ರೇ, ಹೆಂಗಸು ಬಂದವ್ಳೆ ಅಂತ ಹಿಂಗೆ ಹೊಡೀತೀರಾ?" ಅಂದೆ. ಅದರ ಮುಂದೆ ಅಂದ ಮಾತು ಇಲ್ಲಿ ಬರೆಯುವುದಿಲ್ಲ. ಬೆಲೆಗೂ ಆ ಮಾತಿಗೂ ಸಂಬಂಧ ಇರಲಿಲ್ಲ. ಅವರ ಜಾತಿ ಜನದ ಮೇಲೆಲ್ಲ ಹೋಗುವ ಮಾತು ಅದು. ನಮ್ಮೂರಲ್ಲಿ ದಿನಾ ಕೇಳಿಸುವ ಮಾತೇ, ನನ್ನ ಬಾಯಿಗೂ ಸುಲಭವಾಗಿ ಬಂತು.

ಅವರು ಸಿಟ್ಟಿಗೆದ್ದರು. ಆದರೆ ಬೈಯಲಿಲ್ಲ. "ನಾಳೆ ಬೆಳಗ್ಗೆ ಐದಕ್ಕೆ ನಮ್ಮ ಫಿಲೇಚರ್‌ಗೆ, ನೂಲು ತೆಗೆಯೋ ಕಡೆಗೆ ಬನ್ನಿ. ನಿಮ್ ಗೂಡೇ ಬಿಚ್ತೀವಿ. ನಿಂತು ನೋಡಿ. 412 ಜಾಸ್ತಿ ಆಯ್ತಾ ಕಮ್ಮಿ ಆಯ್ತಾ ನೀವೇ ಹೇಳಿ" ಅಂದರು. ಬರಲ್ಲ ಅಂತ ಗೊತ್ತಿದ್ದೇ ಹಾಗಂದದ್ದು. ಅವರೇ ಆಮೇಲೆ ಒಪ್ಪಿಕೊಂಡರು.

ನಾನು ಹೋದೆ. ಹಟಕ್ಕೆ ಹೋದೆ, ಬೇರೆ ಏನೂ ಅಲ್ಲ.

ರೇಷ್ಮೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ನಮ್ಮ ಕಡೆ "ಇನ್ನೂರು ಮೊಟ್ಟೆ ಸಾಕಿದ್ದೀನಿ" ಅಂದರೆ ಇನ್ನೂರು ಹುಳು ಅಲ್ಲ. ಇನ್ನೂರು ಚಿಟ್ಟೆಗಳು ಇಟ್ಟ ಮೊಟ್ಟೆ. ಹತ್ತಿರ ಹತ್ತಿರ ಎಂಬತ್ತು ಸಾವಿರ ಹುಳು. ಎರಡನೇ ಜ್ವರ ಮುಗಿಯುವವರೆಗೆ ಚಾಕಿ ಕೇಂದ್ರದಲ್ಲಿ ಬೆಳೆದು ಆಮೇಲೆ ನಮ್ಮ ಮನೆಗೆ ಬರುತ್ತವೆ. ಜ್ವರ ಅಂದರೆ ಕಾಯಿಲೆ ಅಲ್ಲ. ಹುಳು ತಿನ್ನುವುದು ನಿಲ್ಲಿಸಿ, ತಲೆ ಎತ್ತಿ ಅಲ್ಲಾಡದೆ ಕೂತು, ಹಳೇ ಚರ್ಮ ಕಳಚುವ ಹೊತ್ತು. ಹೀಗೆ ನಾಲ್ಕು ಸಲ. ನಾಲ್ಕನೇ ಜ್ವರ ಎದ್ದ ಮೇಲೆ ಏಳು ದಿನ ಮನೆಯವರಿಗೆ ನಿದ್ದೆ ಇಲ್ಲ. ಹುಳು ತನ್ನ ಇಡೀ ಆಯುಷ್ಯದಲ್ಲಿ ತಿನ್ನುವ ಹಿಪ್ಪುನೇರಳೆ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ಆ ಏಳು ದಿನದಲ್ಲೇ ತಿಂದು ಮುಗಿಸುತ್ತೆ. ಆಮೇಲೆ ಹಣ್ಣಾಗುತ್ತೆ. ಚಂದ್ರಿಕೆಗೆ, ಅಂದರೆ ಗೂಡು ಕಟ್ಟೋಕೆ ಅಂತಲೇ ಇರುವ ತಟ್ಟಿಗೆ ಬಿಟ್ಟರೆ ಗೂಡು ಕಟ್ಟುತ್ತೆ.

ಗೂಡು ಬೆಳೆಯುವವರು ನಮ್ಮಂಥ ಹಳ್ಳಿಯವರು. ಒಕ್ಕಲಿಗರು, ಬೇರೆ ಬೇರೆ ಜಾತಿಯವರು, ಮನೆಯಲ್ಲಿ ಅರ್ಧಕ್ಕರ್ಧ ತೆಲುಗು ಮಾತಾಡುವವರು. ಗೂಡಿನಿಂದ ನೂಲು ತೆಗೆಯುವವರು ಹೆಚ್ಚಾಗಿ ಶಿಡ್ಲಘಟ್ಟ ಪೇಟೆಯ ಮುಸ್ಲಿಮರು, ಮನೆಯಲ್ಲಿ ಉರ್ದು. ಈ ಸೀಮೆಗೆ ರೇಷ್ಮೆ ತಂದದ್ದು ಟಿಪ್ಪು ಕಾಲದಲ್ಲಿ ಅಂತಾರೆ. ಇನ್ನೂರು ವರ್ಷ ದಾಟಿತು. ಅಷ್ಟು ಕಾಲದಿಂದ ಒಬ್ಬರು ಬೆಳೆದದ್ದನ್ನು ಇನ್ನೊಬ್ಬರು ಬಿಚ್ಚುತ್ತಾ ಇದ್ದಾರೆ. ಕಾನೂನಿನ ಪ್ರಕಾರ ಗೂಡು ಸರ್ಕಾರಿ ಮಾರುಕಟ್ಟೆಯಲ್ಲೇ ಮಾರಬೇಕು, ಹಾಗಾಗಿ ದಿನ ಬೆಳಗಾದರೆ ಮುಖ ನೋಡಲೇಬೇಕು. ಆದರೂ ನಮ್ಮ ಕಡೆಯವರು ಅವರ ಮನೆ ಹೊಸ್ತಿಲು ದಾಟಿಲ್ಲ, ಅವರು ನಮ್ಮ ಹುಳು ಮನೆ ನೋಡಿಲ್ಲ. ನಮಗೆ ಅವರು ಮೋಸಗಾರರು. ಅವರಿಗೆ ನಾವು ಮೋಸಗಾರರು. ಸಂಬಂಧ ಅಷ್ಟೇ.

ಹಬ್ಬಗಳು ಹತ್ತಿರ ಬಂದಾಗ ಊರೂರಲ್ಲಿ ಶಾಂತಿ ಸಭೆ ಅಂತ ಕರೆಯುತ್ತಾರಲ್ಲ, ಎರಡು ಸಲ ಅದಕ್ಕೂ ಹೋಗಿದ್ದೇನೆ. ಎಲ್ಲರೂ ಅಣ್ಣ ತಮ್ಮಂದಿರು ಅಂತ ಭಾಷಣ ಆಗುತ್ತೆ. ಟೀ ಬಿಸ್ಕತ್ತು ಆಗುತ್ತೆ. ಅವರವರ ಗುಂಪಿನ ಜೊತೆ ಕೂತು, ಅವರವರ ಗುಂಪಿನ ಜೊತೆ ಎದ್ದು ಬರುತ್ತೇವೆ. ಬೇಡ ಅಂತಲ್ಲ. ಆದರೆ ಅಲ್ಲಿ ಯಾರೂ ಯಾರಿಗೂ "ನಿಮ್ಮ ಕೆಲಸ ಏನು, ಹೇಗೆ ಮಾಡ್ತೀರಿ" ಅಂತ ಕೇಳಿದ್ದು ನಾನು ನೋಡಿಲ್ಲ.

ಫಿಲೇಚರ್ ಒಳಗೆ ಕಾಲಿಟ್ಟ ಕೂಡಲೇ ಮೂಗು ಮುಚ್ಚಿಕೊಂಡೆ. ಬೆಂದ ಹುಳುವಿನ ವಾಸನೆ. ಹತ್ತು ನಿಮಿಷ ಆದಮೇಲೆ ಗೊತ್ತಾಗಲಿಲ್ಲ, ಮನೆಗೆ ಬಂದು ಮಗಳು ಹತ್ತಿರ ಸೇರಿಸದೇ ಇದ್ದಾಗಲೇ ಮತ್ತೆ ನೆನಪಾಗಿದ್ದು. ಒಳಗೆಲ್ಲ ಹಬೆ. ಸಾಲಾಗಿ ತೊಟ್ಟಿಗಳು, ಪ್ರತಿ ತೊಟ್ಟಿ ಮುಂದೆ ಒಬ್ಬೊಬ್ಬ ಹೆಂಗಸು. ಬಿಸಿನೀರಿನಲ್ಲಿ ಬೆಂದ ಗೂಡು ತೇಲುತ್ತಿದೆ. ಅವರು ಬೆರಳಲ್ಲೇ ಎಳೆ ಹುಡುಕುತ್ತಾರೆ. ಒಂದು ಗೂಡಿನ ಎಳೆ ಕಣ್ಣಿಗೂ ಸರಿಯಾಗಿ ಕಾಣಲ್ಲ. ಎಂಟೋ ಹತ್ತೋ ಗೂಡಿನ ಎಳೆ ಸೇರಿಸಿ ಒಂದು ಸಣ್ಣ ತೂತಿನಲ್ಲಿ ತೂರಿಸಿದರೆ ಒಂದು ನೂಲು. ಅದು ರಾಟೆ ಮೇಲೆ ಸುತ್ತುತ್ತಾ ಹೋಗುತ್ತೆ. ಎಳೆ ಕಡಿದರೆ ಮತ್ತೆ ಹುಡುಕಬೇಕು, ಮತ್ತೆ ಸೇರಿಸಬೇಕು.

ಅವರ ಬೆರಳುಗಳನ್ನು ನಾನು ಮರೆಯುವ ಹಾಗಿಲ್ಲ. ತುದಿಯೆಲ್ಲ ಬೆಳ್ಳಗೆ ಸುಕ್ಕುಗಟ್ಟಿ, ಉಗುರು ಪಕ್ಕ ಸೀಳು ಬಿಟ್ಟಿತ್ತು. ನಮ್ಮದು ಬೇರೆ. ಸೊಪ್ಪು ಕೊಯ್ದು ಕೊಯ್ದು ಕಪ್ಪಗಾದ ಬೆರಳು, ಎಷ್ಟು ತಿಕ್ಕಿದರೂ ಹೋಗಲ್ಲ. ತೊಟ್ಟಿ ಮುಂದಿದ್ದ ಒಬ್ಬಾಕೆ ನನ್ನ ಕೈ ನೋಡಿ, ತನ್ನ ಕೈ ತೋರಿಸಿ ನಕ್ಕಳು.

ಮೊದಲು ಬೇರೆಯವರ ಗೂಡು ಬಿಚ್ಚಿದರು. ರಾಟೆ ಸುಮ್ನೆ ತಿರುಗುತ್ತಿತ್ತು. ಆಮೇಲೆ ನನ್ನದು. ಎರಡು ನಿಮಿಷಕ್ಕೊಂದು ಎಳೆ ಕಡಿಯಿತು. ಮತ್ತೆ ಹುಡುಕು, ಮತ್ತೆ ಸೇರಿಸು. ಮತ್ತೆ ಕಡಿಯಿತು. ಪೂರ್ತಿ ಬಿಚ್ಚದೆಯೇ ತಳಕ್ಕೆ ಇಳಿದ ಗೂಡುಗಳನ್ನು ಆ ಹೆಂಗಸು ತೆಗೆದು ಪಕ್ಕದ ಬುಟ್ಟಿಗೆ ಹಾಕುತ್ತಿದ್ದಳು. ಬುಟ್ಟಿ ತುಂಬುತ್ತಾ ಹೋಯಿತು. ನನಗೆ ಪರೀಕ್ಷೆಯಲ್ಲಿ ಫೇಲಾದ ಮಗುವಿನ ಪಕ್ಕ ಕೂತ ಹಾಗಾಯ್ತು.

"ನೋಡಿದ್ರಾ ಅಕ್ಕಾ. ಒಳ್ಳೇ ಗೂಡಾದ್ರೆ ಏಳು, ಏಳೂವರೆ ಕೆಜಿಗೆ ಒಂದು ಕೆಜಿ ನೂಲು ಬರುತ್ತೆ. ಇದು ಹತ್ತು ಕೆಜಿ ತಿನ್ನುತ್ತೆ" ಅಂದರು ರೀಲರ್. "ಅಕ್ಕಾ" ಅಂದದ್ದು ಆಗಲೇ ಗಮನಿಸಿದೆ. ನಾನಿನ್ನೂ "ಸಾಬ್ರೇ"ಯಲ್ಲೇ ಇದ್ದೆ.

ಯಾಕೆ ಹೀಗೆ ಅಂತ ಕೇಳಿದೆ. ಅವರು ಕೇಳಿದ್ದು ಮೂರೇ ಪ್ರಶ್ನೆ. ಚಂದ್ರಿಕೆ ಎಲ್ಲಿಟ್ಟಿದ್ರಿ? ಗಾಳಿ ಆಡ್ತಿತ್ತಾ? ಎಷ್ಟನೇ ದಿನ ಬಿಡಿಸಿದ್ರಿ? ಮಳೆ ಅಂತ ಚಂದ್ರಿಕೆಗಳನ್ನೆಲ್ಲ ಶೆಡ್ ಒಳಗೆ ಒತ್ತಾಗಿ ಇಟ್ಟು ಕಿಟಕಿ ಮುಚ್ಚಿದ್ದೆ. ಹುಳು ಗೂಡು ಕಟ್ಟುವಾಗ ಎಳೆ ಒದ್ದೆಯಾಗಿಯೇ ಬಾಯಿಂದ ಬರುತ್ತೆ. ಅದು ಗಾಳಿಗೆ ಆರಬೇಕು. ಆರದಿದ್ದರೆ ಅಂಟು ಗಟ್ಟಿಯಾಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತೆ. ಬಿಚ್ಚುವಾಗ ಕಡಿಯುತ್ತೆ. ಜೊತೆಗೆ ನಾನು ನಾಲ್ಕನೇ ದಿನಕ್ಕೇ ಬಿಡಿಸಿದ್ದೆ. ಐದಾದರೂ ಬಿಡಬೇಕಿತ್ತು.

ಇದನ್ನು ರೇಷ್ಮೆ ಇಲಾಖೆಯ ತರಬೇತಿಯಲ್ಲಿ ನಾನು ಕೇಳಿರಲಿಲ್ಲ ಅಂತಲ್ಲ. ಕೇಳಿದ್ದೆ. ಕಿಟಕಿ ಮುಚ್ಚಿದರೆ ಬುಟ್ಟಿ ತುಂಬುತ್ತೆ ಅಂತ ಕಣ್ಣಲ್ಲಿ ನೋಡಿರಲಿಲ್ಲ.

ಇನ್ನೊಂದು ವಿಷಯ ಆವತ್ತೇ ತಲೆಗೆ ಹೋಯಿತು. ನಾವು ಯಾವಾಗಲೂ ಅನ್ನುತ್ತೇವೆ, ರೀಲರ್‌ಗಳಿಗೆ ಏನು, ಕಾಯ್ತಾರೆ, ನಮಗೆ ಕಾಯೋಕೆ ಆಗಲ್ಲ ಅಂತ. ಗೂಡು ಕಟ್ಟಿ ಹತ್ತು ಹನ್ನೆರಡು ದಿನಕ್ಕೆ ಒಳಗಿನ ಚಿಟ್ಟೆ ಗೂಡು ತೂತು ಮಾಡಿ ಹೊರಗೆ ಬರುತ್ತೆ. ತೂತಾದ ಗೂಡಿನಿಂದ ನೂಲು ಬರಲ್ಲ. ಅದಕ್ಕೇ ರೈತ ಸಿಕ್ಕಿದ ಬೆಲೆಗೆ ಕೊಡಬೇಕು. ಆದರೆ ಕೊಂಡ ಮೇಲೆ ಅದೇ ಚಿಟ್ಟೆ ಅವರ ತಲೆ ಮೇಲೆ. ಒಂದೆರಡು ದಿನದಲ್ಲಿ ಬಿಸಿಗಾಳಿಗೆ ಒಡ್ಡಿ ಹುಳು ಸಾಯಿಸಬೇಕು, ಇಲ್ಲ ಬಿಚ್ಚಿ ಮುಗಿಸಬೇಕು. ಅತ್ತ ಚೀನಾ ನೂಲಿನ ರೇಟು ಇಳಿದರೆ ಅವರು ತೆಗೆದ ನೂಲು ಹಾಗೇ ಕೂತಿರುತ್ತೆ. ಆ ಚಿಟ್ಟೆ ನಮ್ಮಿಬ್ಬರನ್ನೂ ಓಡಿಸುತ್ತಿದೆ.

ಹೊರಡುವಾಗ ಅವರ ತಾಯಿ ಒಳಗಿಂದ ಟೀ ಕಳಿಸಿದರು. ನಾನು ಕುಡಿದೆ. ಕುಡಿಯುವ ಮುಂಚೆ ಒಂದು ಗಳಿಗೆ ಲೋಟ ಕೈಯಲ್ಲಿ ಹಿಡಿದು ನಿಂತಿದ್ದು ನಿಜ.

ಮುಂದಿನ ಬೆಳೆಗೆ ನಾನೇ ಫೋನ್ ಮಾಡಿ ಕರೆದೆ. "ನೀವೂ ಬಂದು ನೋಡಿ, 505 ರೂಪಾಯಿ ಗೂಡು ಹೇಗೆ ಆಗುತ್ತೆ ಅಂತ." ಅವರು ತಾಯಿಯನ್ನೂ ಕರೆದುಕೊಂಡು ಬಂದರು. ಅದನ್ನು ನಾನು ಎಣಿಸಿರಲಿಲ್ಲ.

ನಮ್ಮತ್ತೆ ಹುಳು ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಅವರು ಹೇಳುವುದು ದೃಷ್ಟಿ ಆಗುತ್ತೆ ಅಂತ. ಇಲಾಖೆಯವರು ಹೇಳುವುದು ಸೋಂಕು ತಗಲುತ್ತೆ ಅಂತ. ಎರಡೂ ಸೇರಿ ಅತ್ತೆಗೆ ಬಲ ಬಂದಿದೆ. ಬಾಗಿಲಲ್ಲಿ, ಹುಳು ಮೇಲೆ ಮೊಟ್ಟೆ ಇಟ್ಟು ಕೊಲ್ಲುವ ಊಜಿ ನೊಣಕ್ಕೆ ಬಲೆ ಪರದೆ, ಅದರಾಚೆ ಬ್ಲೀಚಿಂಗ್ ಪೌಡರ್ ಬೆರೆಸಿದ ಸುಣ್ಣದ ಪುಡಿ. ಅದನ್ನು ತುಳಿದೇ ಒಳಗೆ ಹೋಗಬೇಕು. ಬಂದವರು ಚಪ್ಪಲಿ ಬಿಟ್ಟು, ಸುಣ್ಣ ತುಳಿದು, ಕೈ ತೊಳೆದು ನಿಂತರು. ಅತ್ತೆಗೆ ಬೇಡ ಅನ್ನುವುದಕ್ಕೆ ಕಾರಣ ಸಿಗಲಿಲ್ಲ.

ನಾಲ್ಕನೇ ಜ್ವರ ಎದ್ದ, ಐದನೇ ಹಂತದ ಹುಳು ತಿನ್ನುವ ಹೊತ್ತು. ಹೊಸ ಸೊಪ್ಪು ಹಾಕಿದ್ದೆವು. ಎಂಬತ್ತು ಸಾವಿರ ಬಾಯಿ ಒಟ್ಟಿಗೆ ಮೇಯುವ ಸದ್ದು ಶೆಡ್ ತುಂಬ ಸರಸರ ಅನ್ನುತ್ತಿತ್ತು. ಆ ತಾಯಿ ಬಾಗಿಲಲ್ಲೇ ನಿಂತುಬಿಟ್ಟರು. ಮೇಲೆ ನೋಡಿದರು, ಮಳೆ ಬಂತಾ ಅಂತ. ಮಗ ಹುಳು ಕಡೆ ಕೈ ತೋರಿಸಿದರು. ಆಕೆಗೆ ಎಪ್ಪತ್ತು ದಾಟಿದೆ. ಮದುವೆಯಾಗಿ ಬಂದಾಗಿಂದ ಗೂಡು ಬೇಯಿಸಿದ ಕೈ. ಸತ್ತ ಹುಳು ನೋಡಿದ್ದು ಎಷ್ಟೋ ಕೋಟಿ. ಬದುಕಿರುವ ಹುಳು ತಿನ್ನುವುದನ್ನು ನೋಡಿದ್ದು ಆವತ್ತೇ ಮೊದಲು.

ಮೂಲೆಯ ತಟ್ಟೆಯಲ್ಲಿ ನಾಲ್ಕು ಹುಳು ಬೇಗ ಹಣ್ಣಾಗಿದ್ದವು. ಅತ್ತೆ ಅದರಲ್ಲೊಂದನ್ನು ಎತ್ತಿ, ಏನೂ ಹೇಳದೆ, ಆಕೆಯ ಅಂಗೈಗೆ ಇಟ್ಟರು. ಹಣ್ಣು ಹುಳು ಬೆಳಕಿಗೆ ಹಿಡಿದರೆ ಒಳಗೆಲ್ಲ ಕಾಣುತ್ತೆ, ಮಾಗಿದ ದ್ರಾಕ್ಷಿ ಥರ. ಅದು ತಲೆ ಎತ್ತಿ ಎಳೆ ಬಿಡೋಕೆ ಜಾಗ ಹುಡುಕುತ್ತಿತ್ತು. ಆಕೆ ಕಣ್ಣು ಹತ್ತಿರ ತಂದು ನೋಡಿ ಉರ್ದುವಿನಲ್ಲಿ ಏನೋ ಅಂದರು. ಏನಂದ್ರು ಅಂತ ಮಗನನ್ನು ಕೇಳಿದೆ. "ಇದನ್ನಾ ನಾನು ಬೇಯಿಸ್ತಿದ್ದಿದ್ದು ಅಂತಿದ್ದಾರೆ" ಅಂದರು. ಅತ್ತೆ ಮುಖ ಆಚೆ ತಿರುಗಿಸಿದರು. ಆಮೇಲೆ ತೆಲುಗಿನಲ್ಲಿ ಅಂದರು, "ನೀನು ಬೇಯಿಸಿದ್ರೆ ತಾನೆ ನಮ್ಮ ಹೊಟ್ಟೆಗೆ ಅನ್ನ?" ಆಕೆಗೆ ಪೇಟೆ ತೆಲುಗು ಬರುತ್ತಿತ್ತು. ಅಲ್ಲಿಂದ ಅವರಿಬ್ಬರ ಮಾತು ತೆಲುಗಿನಲ್ಲೇ ನಡೆಯಿತು. ನಾವು ನಡುವೆ ಬೇಕಾಗಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿರುತ್ತೆ. ಆದರೆ ಆಮೇಲೆ ಕಾಫಿ ಬಂತು. ಮನೆಯವರಿಗೆ ಸ್ಟೀಲ್ ಲೋಟ, ಬಂದವರಿಗೆ ಕಾಗದದ ಲೋಟ. ಅತ್ತೆ ನನ್ನ ಮಗಳನ್ನು ಅಂಗಡಿಗೆ ಓಡಿಸಿ ತರಿಸಿದ್ದರು. ಇದೇ ಅತ್ತೆ ಮುರುಗಮಲ್ಲದ ದರ್ಗಾಕ್ಕೆ ಹರಕೆ ಹೊತ್ತು ಹೋಗಿ ಬಂದವರು. ಅಲ್ಲಿನ ಸಕ್ಕರೆಯನ್ನು ಕಣ್ಣಿಗೊತ್ತಿಕೊಂಡು ತಿನ್ನುವವರು. ದೇವರಿಗೆ ಒಂದು ಲೆಕ್ಕ, ಲೋಟಕ್ಕೆ ಇನ್ನೊಂದು. ನನಗೆ ನೆಲ ಬಾಯಿ ಬಿಡಬಾರದಾ ಅನ್ನಿಸಿತು. ಆ ತಾಯಿ ಕಾಫಿ ಕುಡಿದು, ಲೋಟ ಮಡಿಸಿ, ಎಲ್ಲಿ ಬಿಸಾಕಲಿ ಅಂತ ಸುತ್ತ ನೋಡಿ, ಕೊನೆಗೆ ಪರ್ಸಿನೊಳಗೆ ಇಟ್ಟುಕೊಂಡರು.

ಅದೇ ದಿನ ರೀಲರ್ ಒಂದು ಪ್ರಶ್ನೆ ಕೇಳಿದರು. "ರಾತ್ರಿ ಹುಳು ಯಾರು ನೋಡ್ತಾರೆ?" ನಾನು ತಿರುಗಿ ನೋಡಿದೆ. ನಮ್ಮ ಕೆಲಸದವಳು ಶೆಡ್ಡಿನ ಹಿಂದೆ ಸೊಪ್ಪಿನ ಹೊರೆ ಬಿಚ್ಚುತ್ತಿದ್ದಳು. ಕಾಲೊನಿಯವಳು. ಹನ್ನೊಂದು ವರ್ಷದಿಂದ ನಮ್ಮ ಹುಳು ಅವಳ ಕೈಯಲ್ಲೇ ಬೆಳೆದಿರುವುದು. ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ಹೆಸರು ಹಿಡಿದು ಕರೆಯುತ್ತೇನೆ, ಅವಳು ನನ್ನನ್ನು "ಅಮ್ಮಾ" ಅನ್ನುತ್ತಾಳೆ. ಹುಳು ಮನೆ ಒಳಗೆ ಹೋಗಬಹುದು, ನಮ್ಮ ಮನೆಯ ಒಳಗೆ ಇಲ್ಲ. ಅವಳ ಲೋಟ ಹಿತ್ತಿಲ ಗೋಡೆ ಮೇಲೆ ಇರುತ್ತೆ. ಕಾಗದದ ಲೋಟಕ್ಕೆ ಅಷ್ಟು ನಾಚಿಕೊಂಡ ನನಗೆ ಆ ಲೋಟ ಹನ್ನೊಂದು ವರ್ಷ ಕಣ್ಣಿಗೇ ಬಿದ್ದಿರಲಿಲ್ಲ.

ಎರಡನೇ ಸಲ ಫಿಲೇಚರ್‌ಗೆ ಅವಳನ್ನೂ ಕರೆದುಕೊಂಡು ಹೋದೆ. ಅರ್ಧ ಗಂಟೆ ನೋಡಿ ಅವಳು ಒಂದು ಮಾತು ಹೇಳಿದಳು. ನಮ್ಮ ಶೆಡ್ಡಲ್ಲಿ ಕಟಾವು ಮಾಡಿದ ಸೊಪ್ಪು ಚಂದ್ರಿಕೆ ಪಕ್ಕದಲ್ಲೇ ರಾಶಿ ಹಾಕ್ತೀವಿ, ಅದರ ತೇವ ಎಲ್ಲಿ ಹೋಗುತ್ತೆ ಅಂತ. ನನಗೂ ಹೊಳೆದಿರಲಿಲ್ಲ, ರೀಲರ್‌ಗೂ ಹೊಳೆದಿರಲಿಲ್ಲ. ಸೊಪ್ಪಿನ ರಾಶಿ ಆಚೆ ಹೋಯಿತು. ಅಲ್ಲಿ ರೀಲರ್ ತಾಯಿ ಅವಳನ್ನು "ಬೈಠೋ ಅಕ್ಕಾ" ಅಂತ ಮಂಚದ ಮೇಲೆ ತಮ್ಮ ಪಕ್ಕ ಕೂರಿಸಿಕೊಂಡರು. ಊರಿಗೆ ಬಂದ ಮೇಲೆ ನಾನೂ ಅಕ್ಕಾ ಅಂತ ಕರೆಯೋಕೆ ಹೋದೆ. ಅವಳು ನಕ್ಕುಬಿಟ್ಟಳು. "ಯಾಕಮ್ಮಾ, ಕೂಲಿ ಕಮ್ಮಿ ಮಾಡ್ಬೇಕು ಅಂತಿದ್ದೀಯಾ?"

ಕೂಲಿ ಜಾಸ್ತಿ ಮಾಡಿದೆ. ಗೋಡೆ ಮೇಲಿನ ಲೋಟ ಅತ್ತೆ ಇರುವವರೆಗೆ ಅಲ್ಲಾಡುವ ಹಾಗೆ ಕಾಣಲ್ಲ. ನಾನು ಮಾಡಿದ್ದು ಒಂದೇ, ಹುಳು ಇರುವ ದಿನ ನನ್ನ ಲೋಟವನ್ನೂ ತಂದು ಅದರ ಪಕ್ಕ ಇಟ್ಟು, ಅಲ್ಲೇ ಕೂತು ಕುಡಿಯುತ್ತೇನೆ. ಅದು ದೊಡ್ಡ ಕೆಲಸ ಅಂತ ನನಗೂ ಅನ್ನಿಸುತ್ತಿಲ್ಲ.

ಆಮೇಲೆ ಇದು ಇಬ್ಬರಿಂದ ಒಂಬತ್ತು ಜನಕ್ಕೆ ಹೋಯಿತು. ನಮ್ಮೂರಿನ ಐದು ಮನೆ, ಪೇಟೆಯ ನಾಲ್ಕು ರೀಲರ್‌ಗಳು. ಮೊದಲು ಎಲ್ಲರಿಗೂ ಅನುಮಾನ. ಇವರು ಒಳಗೊಳಗೇ ಗೂಡು ಮಾರಿಕೊಳ್ಳೋಕೆ ದಾರಿ ಮಾಡ್ತಿದ್ದಾರೆ ಅಂತ ಮಾರುಕಟ್ಟೆಯಲ್ಲಿ ಸುದ್ದಿ ಹಬ್ಬಿತು. ಹಾಗಾಗಿ ಮೊದಲ ದಿನವೇ ಒಂದು ಮಾತು ಮಾಡಿಕೊಂಡೆವು. ಮಾರಾಟ ಹರಾಜಿನಲ್ಲೇ. ಯಾರು ಜಾಸ್ತಿ ಹಾಕಿದರೂ ಅವರಿಗೇ. ನಾವು ಹಂಚಿಕೊಳ್ಳುವುದು ಲೆಕ್ಕ ಮಾತ್ರ.

ಲೆಕ್ಕ ಅಂದರೆ ಒಂದು ಇನ್ನೂರು ಪುಟದ ನೋಟ್‌ಬುಕ್. ಎಡಗಡೆ ರೈತರು ಬರೆಯಬೇಕು. ಯಾವ ದಿನ ಚಾಕಿ ಬಂತು, ನಾಲ್ಕನೇ ಜ್ವರ ಯಾವಾಗ ಎದ್ದಿತು, ಚಂದ್ರಿಕೆಗೆ ಬಿಟ್ಟಿದ್ದು, ಬಿಡಿಸಿದ್ದು. ಬಲಗಡೆ ರೀಲರ್. ಎಷ್ಟು ಕೆಜಿಗೆ ಒಂದು ಕೆಜಿ ನೂಲು, ಎಳೆ ಕಡಿದದ್ದು ಜಾಸ್ತಿಯೋ ಕಮ್ಮಿಯೋ, ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು ಎಷ್ಟಿತ್ತು. ಎಡಗಡೆ ಕನ್ನಡ, ಬಲಗಡೆ ಕೆಲವು ಕಡೆ ಉರ್ದು. ಅಂಕಿ ಮಾತ್ರ ಎಲ್ಲರಿಗೂ ಓದೋಕೆ ಬರುತ್ತೆ. ನನ್ನ ಲಾಟ್ ಹತ್ತು ಕೆಜಿಯಿಂದ ಎಂಟೂವರೆ ಕೆಜಿಗೆ ಬಂತು, ಮೂರು ಬೆಳೆ ಆದಮೇಲೆ ಏಳೂ ಮುಕ್ಕಾಲು.

ಎರಡು ಸಲ ಎಲ್ಲ ಮುಗಿದೇ ಹೋಯ್ತು ಅನ್ನುವ ಹಾಗಾಗಿತ್ತು.

ಮೊದಲನೆಯದು ವಾಟ್ಸ್‌ಆ್ಯಪ್ ಗುಂಪು. ನೋಟ್‌ಬುಕ್ ಅತ್ತಿತ್ತ ಹೊತ್ತು ತಿರುಗುವುದು ಕಷ್ಟ ಅಂತ ಮಾಡಿದ್ದು. ಒಂದು ರಾತ್ರಿ ನಮ್ಮೂರಿನವರೊಬ್ಬರು ಎಲ್ಲಿಂದಲೋ ಬಂದ ಕೊಳಕು ವಿಡಿಯೋ ಅದರಲ್ಲಿ ಹಾಕಿದರು. ಹಾಕಿದವರು ಕೆಟ್ಟವರಲ್ಲ, ಬಂದದ್ದನ್ನೆಲ್ಲ ಮುಂದೆ ತಳ್ಳುವ ಚಾಳಿ. ಬೆಳಿಗ್ಗೆ ಎದ್ದು ನೋಡಿದರೆ ಇಬ್ಬರು ರೀಲರ್‌ಗಳು ಗುಂಪು ಬಿಟ್ಟಿದ್ದರು. ಉಳಿದವರು ಮೌನ. ಮೂರು ವಾರ ಒಬ್ಬರೂ ಒಂದು ಅಂಕಿಯನ್ನೂ ಹಾಕಲಿಲ್ಲ. ನಾನು ಉದ್ದಕ್ಕೆ ಕ್ಷಮೆ ಬರೆದು ಅಳಿಸಿದೆ. ಮತ್ತೆ ಬರೆದೆ. ಕೊನೆಗೆ ಹಾಕಿದವರನ್ನೇ ಬೈಕಿನ ಹಿಂದೆ ಕೂತು ಕರೆದುಕೊಂಡು ಪೇಟೆಗೆ ಹೋದೆ. ಅವರು ಆ ಇಬ್ಬರ ಮುಂದೆ ತಲೆ ಕೆರೆದುಕೊಂಡು ನಿಂತರು. "ನೋಡ್ದೇ ಹಾಕ್ಬಿಟ್ಟೆ ಭಾಯ್" ಅಂದರು. "ನೋಡಿದ್ರೆ ಹಾಕ್ತಿರ್ಲಿಲ್ವಾ?" ಅಂತ ಕೇಳಿದರು ಒಬ್ಬರು. ಇವರು ಉತ್ತರ ಕೊಡಲಿಲ್ಲ. ಒಬ್ಬರು ವಾಪಸ್ ಬಂದರು. ಇನ್ನೊಬ್ಬರು ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಗೂಡು, ಸೊಪ್ಪು, ಹುಳು, ನೂಲು ಬಿಟ್ಟು ಬೇರೆ ಏನೂ ಹಾಕಬಾರದು ಅಂತ ಆಮೇಲೆ ನಿಯಮ ಮಾಡಿದೆವು. ಗುಡ್ ಮಾರ್ನಿಂಗ್ ಕೂಡ ಬೇಡ ಅಂದರು ಒಬ್ಬರು. ಅದು ನನಗೆ ತುಂಬ ಹಿಡಿಸಿತು.

ಎರಡನೆಯದಕ್ಕೆ ಕಾರಣ ನಮ್ಮ ಮನೆಯೇ. ಯಜಮಾನರು ದೇವನಹಳ್ಳಿ ಕಡೆ ಕೆಲಸ ಮಾಡುತ್ತಾರೆ. ರಜೆಗೆ ಬಂದಿದ್ದಾಗ ಗೂಡು ಮೂಟೆ ಕಟ್ಟಿದ್ದು ಅವರು. ಹಳೇ ಅಭ್ಯಾಸ. ಮೆದು ಗೂಡು, ಕಲೆಯಾದ ಗೂಡು ಬೇರೆ ತೆಗೆದಿಟ್ಟಿದ್ದನ್ನು ಒಳ್ಳೇದರ ಜೊತೆ ಬೆರೆಸಿದ್ದರು. ಆ ಸಲ ನನ್ನ ಲಾಟ್‌ಗೆ ಒಳ್ಳೇ ಬೆಲೆ ಹಾಕಿದ್ದು ನಮ್ಮ ರೀಲರ್ ಅಣ್ಣನೇ. ಅಷ್ಟು ಹೊತ್ತಿಗೆ ನಾನು ಸಾಬ್ರೇಯಿಂದ ಅಣ್ಣನಿಗೆ ಬಂದಿದ್ದೆ. ಸರಿಯಾಗಿ ನೋಡದೆ, ನನ್ನದು ಅಂತ ನಂಬಿ ಹಾಕಿದ್ದರು. ಮಾರನೇ ದಿನ ಫೋನ್ ಬಂತು. "ಅಕ್ಕಾ, ಆರು ಕೆಜಿ ಮೆದು ಇತ್ತು. ಗುಂಪಲ್ಲಿ ಬರೀಲಾ, ಬೇಡ್ವಾ?"

ಬೈದಿದ್ದರೆ ನನಗೆ ಸುಲಭ ಆಗುತ್ತಿತ್ತು.

"ಬರೀರಿ ಅಣ್ಣಾ" ಅಂದೆ. ಅವರು ಬರೆದರು. ಲಾಟ್ ನಂಬರ್, ಆರು ಕೆಜಿ, ಮೆದು. ಬೇರೆ ಮಾತಿಲ್ಲ. ಯಜಮಾನರ ಜೊತೆ ನಾಲ್ಕು ದಿನ ನಾನು ಮಾತಾಡಲಿಲ್ಲ. "ಎಲ್ರೂ ಮಾಡ್ತಾರೆ" ಅಂದರು. ಹೌದು, ಎಲ್ಲರೂ ಮಾಡುತ್ತಾರೆ. ನಾನು ಮಾರುಕಟ್ಟೆಯಲ್ಲಿ ಕೂಗಾಡಿದ ದಿನ ಅದನ್ನು ಮರೆತಿದ್ದೆ ಅಷ್ಟೇ. ಆರು ಕೆಜಿ ದುಡ್ಡು ವಾಪಸ್ ಕೊಡೋಕೆ ಹೋದರೆ ಅವರು ತೆಗೆದುಕೊಳ್ಳಲಿಲ್ಲ. ಮುಂದಿನ ಎರಡು ಲಾಟ್‌ಗೆ ಬೆಲೆ ಹಾಕುವ ಮುಂಚೆ ಮಾತ್ರ ಜಾಲರಿಯ ತಳದವರೆಗೆ ಕೈ ಹಾಕಿ ನೋಡಿದರು. ನನ್ನ ಎದುರಿಗೇ. ನಾನೂ ಪಕ್ಕದಲ್ಲೇ ನಿಂತಿದ್ದೆ.

ಮೊನ್ನೆಯ ಲಾಟ್‌ಗೆ ಅವರಿಗಿಂತ 18 ರೂಪಾಯಿ ಜಾಸ್ತಿ ಬೇರೆಯವರು ಹಾಕಿದರು. ಜಾಸ್ತಿ ಹಾಕಿದವರಿಗೇ ಕೊಟ್ಟೆ. ಅಣ್ಣ ಒಂದು ಗೂಡು ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿ, "ಚೆನ್ನಾಗಿ ಒಣಗಿದೆ, ನಾನೇ ಇನ್ನೂ ಹಾಕ್ಬೇಕಿತ್ತು" ಅಂತ ಹೊರಟುಹೋದರು.

ಈಗ ಮನೆಯಲ್ಲಿ ಮತ್ತೆ ಹುಳು ಇದೆ. ಸಂಜೆ ಏಳರ ಹೊತ್ತಿಗೆ ಫೋನ್ ಬರುತ್ತೆ. ಮಗನ ಫೋನಿನಿಂದ ತಾಯಿ ಮಾಡುವುದು. ನನ್ನ ಹತ್ತಿರ ಎರಡೇ ಮಾತು, ಆಮೇಲೆ ಅತ್ತೆಗೆ ಕೊಡು ಅನ್ನುತ್ತಾರೆ. ಅತ್ತೆಗೆ ಕಿವಿ ಮಂದ. ಅದಕ್ಕೆ ಆ ಕಡೆಯಿಂದ ಕೂಗಿದ್ದು ಹಜಾರಕ್ಕೆಲ್ಲ ಕೇಳಿಸುತ್ತೆ.

"ಎನ್ನೋ ಜ್ವರಂ?"

"ನಾಲ್ಗೋದಿ," ಅಂದರು ಅತ್ತೆ ನಿನ್ನೆ, ನಾಲ್ಕನೆಯದು ಅಂತ. "ನಾಳೆ ಬೆಳಿಗ್ಗೆ ಏಳ್ತವೆ. ಸೊಪ್ಪಿಗೆ ಹೋಗಿದ್ದಾಳೆ ಇವಳು ಅಂದ್ಕೊಂಡ್ಯಾ? ಇಲ್ಲೇ ಕೂತು ಏನೋ ಬರೀತವ್ಳೆ."